ಸ್ವಿಟ್ಜರ್ಲೆಂಡಿನ ಸ್ಥಳೀಯ ಆಡಳಿತ: ರಚನೆ, ಹಣಕಾಸು ಮತ್ತು ಭಾಷೆ

ಸ್ವಿಟ್ಜರ್ಲೆಂಡಿನ ವಿಸ್ತೀರ್ಣ 41,285 ಚದರ ಕಿಲೋಮೀಟರು. ಕರ್ನಾಟಕದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಎನ್ನಬಹುದು. ಜನಸಂಖ್ಯೆ ಸುಮಾರು ತೊಂಬತ್ತು ಲಕ್ಷ. ಇಷ್ಟು ಚಿಕ್ಕ ದೇಶದೊಳಗೆ 26 ಕ್ಯಾಂಟನ್‌ಗಳೂ ಸುಮಾರು 2,100 ಕಮ್ಯೂನ್‌ಗಳೂ ಇವೆ. ಕ್ಯಾಂಟನ್ ಎಂಬುದನ್ನು ನಮ್ಮ ರಾಜ್ಯಕ್ಕೂ ಕಮ್ಯೂನ್ ಎಂಬುದನ್ನು ನಮ್ಮ ಗ್ರಾಮ ಪಂಚಾಯತಿ ಅಥವಾ ನಗರಸಭೆಗೂ ಸ್ಥೂಲವಾಗಿ ಹೋಲಿಸಬಹುದು. ಆದರೆ ಈ ಹೋಲಿಕೆ ಹೆಚ್ಚು ದೂರ ಸಾಗುವುದಿಲ್ಲ. ಆದಾಯ ತೆರಿಗೆಯ ದರವನ್ನು ಊರಿನ ಜನರೇ ಸಭೆ ಸೇರಿ ಕೈಯೆತ್ತಿ ನಿರ್ಧರಿಸುವ ವ್ಯವಸ್ಥೆ ನಮ್ಮಲ್ಲಿ ಎಲ್ಲಿಯೂ ಇಲ್ಲ. ನಾಲ್ಕು ಭಾಷೆಗಳ ಆ ದೇಶದಲ್ಲಿ ಶಾಲೆಯ ಭಾಷೆ ಯಾವುದು, ಕಚೇರಿಯ ಭಾಷೆ ಯಾವುದು ಎಂಬ ಪ್ರಶ್ನೆಯೂ ಕೆಲವೆಡೆ ಇದೇ ಕಮ್ಯೂನಿನ ಅಂಗಳದಲ್ಲಿಯೇ ತೀರ್ಮಾನವಾಗುತ್ತದೆ. ನಾಡಿನಿಂದ ಹೊರಗಿದ್ದು ಕನ್ನಡವನ್ನು ಓದುವ ಮತ್ತು ಕಲಿಸುವ ನಮಗೆ ಈ ಎರಡನೆಯ ಸಂಗತಿ ಮೊದಲನೆಯದಕ್ಕಿಂತ ಹೆಚ್ಚು ಹತ್ತಿರದ್ದು. ಆದರೆ ಹಣದ ಮೂಲವನ್ನು ಅರಿಯದೆ ಭಾಷೆಯ ಅಧಿಕಾರವನ್ನು ಅರಿಯಲು ಸಾಧ್ಯವಿಲ್ಲವಾದ್ದರಿಂದ ಅದನ್ನೇ ಮೊದಲು ನೋಡಬೇಕಾಗುತ್ತದೆ.

‘ಕಮ್ಯೂನ್’ ಎಂಬ ಪದ ನಮ್ಮ ಓದುಗರಿಗೆ ಪ್ಯಾರಿಸ್ಸನ್ನೋ ಮಾರ್ಕ್ಸನನ್ನೋ ನೆನಪಿಗೆ ತರಬಹುದು. ಇಲ್ಲಿ ಅದಕ್ಕೆ ಅಂಥ ಅರ್ಥವೇನೂ ಇಲ್ಲ. ಜರ್ಮನ್ ಭಾಷೆಯಲ್ಲಿ ಇದು ಗೆಮೈಂಡೆ, ಫ್ರೆಂಚಿನಲ್ಲಿ ಕಮ್ಯೂನ್, ಇಟಾಲಿಯನ್ನಿನಲ್ಲಿ ಕೊಮೂನೆ. ನಾಲ್ಕನೆಯ ಭಾಷೆಯಾದ ರೊಮಾಂಶಿನಲ್ಲಿ ಇದಕ್ಕಿರುವ ಹೆಸರು ವಿಶ್ನಾಂಕಾ. ‘ನೆರೆಹೊರೆ’ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು. ನಾಲ್ಕರಲ್ಲಿ ಸಂಸ್ಥೆಯ ಸ್ವಭಾವವನ್ನು ಸರಿಯಾಗಿ ಹಿಡಿದಿರುವುದು ಈ ಕೊನೆಯ ಹೆಸರೇ ಎಂದು ನನಗೆ ತೋರುತ್ತದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿರುವ ಜ್ಯೂರಿಕ್ ನಗರವೂ ಒಂದು ಕಮ್ಯೂನ್. ನೂರು ಜನರೂ ಇಲ್ಲದ ಆಲ್ಪ್ಸ್ ಕಣಿವೆಯ ಹಳ್ಳಿಯೂ ಒಂದು ಕಮ್ಯೂನ್. ಬಾಸೆಲ್ ನಗರದ ಆಡಳಿತವನ್ನು ಕ್ಯಾಂಟನ್ ಸರ್ಕಾರವೇ ನೋಡಿಕೊಳ್ಳುವುದು ಒಂದು ವಿಶೇಷ.

ಇಂದಿನ ಸ್ವಿಸ್ ಒಕ್ಕೂಟ 1848ರ ಸಂವಿಧಾನದಿಂದ ಹುಟ್ಟಿತು. ಆ ಸಂವಿಧಾನವನ್ನು 1874ರಲ್ಲಿ ಒಮ್ಮೆ, 1999ರಲ್ಲಿ ಮತ್ತೊಮ್ಮೆ ಪೂರ್ಣವಾಗಿ ಪರಿಷ್ಕರಿಸಲಾಯಿತು. ಅದರ 3ನೆಯ ವಿಧಿಯಂತೆ, ಒಕ್ಕೂಟಕ್ಕೆ ಬಿಟ್ಟುಕೊಡದ ಎಲ್ಲ ಅಧಿಕಾರವೂ ಕ್ಯಾಂಟನ್‌ಗಳದು. ಕಮ್ಯೂನ್‌ಗಳ ಸ್ವಾಯತ್ತತೆಯನ್ನು 50ನೆಯ ವಿಧಿ ಮಾನ್ಯ ಮಾಡುತ್ತದೆ. ಆದರೆ ‘ಕ್ಯಾಂಟನ್ ಕಾನೂನಿನ ಮಿತಿಯಲ್ಲಿ’ ಎಂಬ ನಿರ್ಬಂಧದೊಡನೆ. ಆದ್ದರಿಂದ ಸ್ವಿಟ್ಜರ್ಲೆಂಡಿನ ಸ್ಥಳೀಯ ಆಡಳಿತವೆಂದು ಒಂದೇ ವ್ಯವಸ್ಥೆಯಿಲ್ಲ, 26 ವ್ಯವಸ್ಥೆಗಳಿವೆ. ಮುಂದೆ ಹೇಳುವ ಯಾವ ಸಾಮಾನ್ಯ ಮಾತಿಗೂ ಎಲ್ಲೋ ಒಂದು ಕ್ಯಾಂಟನ್ ಅಪವಾದವಾಗಿ ನಿಲ್ಲಬಹುದು.

ಇದಲ್ಲದೆ ಕಮ್ಯೂನಿನಲ್ಲಿಯೇ ಎರಡು ಬಗೆಗಳಿವೆ. ಊರಿನ ಕಾಡು, ಗೋಮಾಳ, ಬೇಸಿಗೆಯ ಪರ್ವತಹುಲ್ಲುಗಾವಲುಗಳಲ್ಲಿ ಹಕ್ಕುಳ್ಳ ಮೂಲಕುಟುಂಬಗಳ ಸಂಘ ಮೊದಲಿನಿಂದ ಇದ್ದದ್ದು. ಊರಿನಲ್ಲಿ ವಾಸಿಸುವ ಎಲ್ಲ ನಾಗರಿಕರೂ ಸೇರಿದ ರಾಜಕೀಯ ಕಮ್ಯೂನ್ ಹುಟ್ಟಿದ್ದು 1798ರಲ್ಲಿ, ಫ್ರೆಂಚ್ ಸೈನ್ಯದ ಬೆಂಬಲದಿಂದ ನೆಲೆಗೊಂಡ ಹೆಲ್ವೆಟಿಕ್ ಗಣರಾಜ್ಯದ ಕಾಲದಲ್ಲಿ. ಗಣರಾಜ್ಯ ಐದೇ ವರ್ಷಗಳಲ್ಲಿ ಮುಗಿಯಿತು. ಅದು ಬಿತ್ತಿದ ಈ ಕಲ್ಪನೆ ಉಳಿಯಿತು. ಹಳೆಯ ಸಂಘಗಳು ಹಲವು ಕಡೆ ಇಂದಿಗೂ ಕಾಡಿನ ಒಡೆತನವನ್ನು ಇಟ್ಟುಕೊಂಡಿವೆ. ಸ್ವಿಸ್ ನಾಗರಿಕನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳದ ಬದಲು ‘ಮೂಲಸ್ಥಳ’ ಎಂದು ನಮೂದಾಗುವುದು ಈ ಹಳೆಯ ಕಮ್ಯೂನಿನ ಹೆಸರೇ. ಅವನು ಅಲ್ಲಿ ಒಂದು ದಿನವೂ ಬಾಳಿರದೆ ಇರಬಹುದು. ಮುಂಬಯಿಯಲ್ಲಿ ಮೂರು ತಲೆಮಾರು ಕಳೆದ ಮೇಲೂ ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ಉಡುಪಿಯ ಕಡೆಯ ಹಳ್ಳಿಯೊಂದರ ಹೆಸರು ಹೇಳುವ ನಮ್ಮವರಿಗೆ ಇದು ವಿಚಿತ್ರವೆನಿಸಲಾರದು. ಅಲ್ಲಿ ಈ ಉತ್ತರಕ್ಕೆ ಕಾನೂನಿನ ಬಲವೂ ಇತ್ತು: ಬೇರೆ ಕ್ಯಾಂಟನ್ನಿನಲ್ಲಿ ನೆಲೆಸಿದವನು ನಿರ್ಗತಿಕನಾದರೆ ಅವನಿಗೆ ಕೊಟ್ಟ ಸಹಾಯಧನದ ವೆಚ್ಚವನ್ನು, ನಿಗದಿತ ಅವಧಿಯವರೆಗೆ, ಮೂಲಸ್ಥಳದ ಕ್ಯಾಂಟನ್ ತುಂಬಿಕೊಡಬೇಕಾಗಿತ್ತು. ಈ ನಿಯಮ ಕೊನೆಗೊಂಡದ್ದು 2017ರಲ್ಲಿ.

ಸುಮಾರು ಐದರಲ್ಲಿ ನಾಲ್ಕು ಕಮ್ಯೂನ್‌ಗಳಲ್ಲಿ ಪರಮಾಧಿಕಾರವುಳ್ಳದ್ದು ಪ್ರಜೆಗಳ ಸಭೆ. ಉಳಿದ ಕಡೆ, ಅಂದರೆ ದೊಡ್ಡ ನಗರಗಳಲ್ಲಿಯೂ ಫ್ರೆಂಚ್ ಭಾಷಿಕ ಪಶ್ಚಿಮದ ಅನೇಕ ಊರುಗಳಲ್ಲಿಯೂ, ಚುನಾಯಿತ ಪರಿಷತ್ತು ಆ ಸ್ಥಾನದಲ್ಲಿದೆ. ಸಭೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಸೇರುತ್ತದೆ. ವರ್ಷದ ಮೊದಲರ್ಧದಲ್ಲಿ ಹಿಂದಿನ ವರ್ಷದ ಲೆಕ್ಕಪತ್ರ. ವರ್ಷಾಂತ್ಯಕ್ಕೆ ಮುಂದಿನ ವರ್ಷದ ಆಯವ್ಯಯ ಮತ್ತು ತೆರಿಗೆಯ ದರ. ನಿತ್ಯದ ಆಡಳಿತ ಐದು ಅಥವಾ ಏಳು ಜನರ ಮಂಡಳಿಯ ಕೈಯಲ್ಲಿರುತ್ತದೆ. ಈ ಮಂಡಳಿಯವರು ಬಹುತೇಕ ತಮ್ಮ ತಮ್ಮ ವೃತ್ತಿಯಲ್ಲಿದ್ದುಕೊಂಡೇ ಸಂಜೆಯ ಹೊತ್ತು ಊರಿನ ಕೆಲಸ ಮಾಡುವ ರೈತರು, ಅಧ್ಯಾಪಕರು, ಅಂಗಡಿಕಾರರು. ಸಿಗುವ ಗೌರವಧನ ಅಲ್ಪ. ಹೀಗಾಗಿ ಅಭ್ಯರ್ಥಿಗಳ ಕೊರತೆ ಹಳೆಯ ಕಾಯಿಲೆ. ಊರಿ ಮೊದಲಾದ ಕೆಲವು ಕ್ಯಾಂಟನ್‌ಗಳಲ್ಲಿ, ಆಯ್ಕೆಯಾದವನು ತಕ್ಕ ಕಾರಣವಿಲ್ಲದೆ ಹುದ್ದೆಯನ್ನು ನಿರಾಕರಿಸುವಂತಿಲ್ಲ ಎಂಬ ನಿಯಮವೇ ಇದೆ. ಪಂಚಾಯತಿಯ ಸ್ಥಾನಕ್ಕಾಗಿ ಊರೇ ಎರಡು ಪಾಲಾಗುವುದನ್ನು ಕಂಡವರಿಗೆ ಇದು ನಗು ತರಿಸಬಹುದು.

ಈ ಸಭೆಗಳನ್ನು ಕುರಿತು ಹೊರಗಿನವರು ಬರೆದದ್ದರಲ್ಲಿ ಭಾವುಕತೆ ಬಹಳ. ವಾಸ್ತವದಲ್ಲಿ ದೊಡ್ಡ ಕಮ್ಯೂನ್‌ಗಳ ಸಭೆಗೆ ಬರುವವರು ಮತದಾರರಲ್ಲಿ ನೂರಕ್ಕೆ ಕೆಲವರು ಮಾತ್ರ. ಸಭೆಯಲ್ಲಿ ಎಲ್ಲರ ಎದುರು ಕೈಯೆತ್ತುವಾಗ ಸಾಲ ಕೊಟ್ಟವನ, ಕೆಲಸ ಕೊಟ್ಟವನ ಮುಖ ಕಣ್ಣಿಗೆ ಬೀಳದಿರುವುದಿಲ್ಲ. ಯಾರು ಕೈಯೆತ್ತಬಹುದು ಎಂಬ ಪ್ರಶ್ನೆಯಂತೂ ಇನ್ನೂ ಕಠಿಣವಾದದ್ದು. ಸ್ವಿಸ್ ಮಹಿಳೆಯರಿಗೆ ಒಕ್ಕೂಟದ ಮಟ್ಟದಲ್ಲಿ ಮತದಾನದ ಹಕ್ಕು ದೊರೆತದ್ದು 1971ರಲ್ಲಿ. ಅದಕ್ಕೂ ಮೊದಲು 1957ರಲ್ಲಿ ವಾಲೆ ಕ್ಯಾಂಟನ್ನಿನ ಉಂಟರ್‌ಬೆಖ್ ಎಂಬ ಪರ್ವತಗ್ರಾಮ ತನ್ನ ಸ್ತ್ರೀಯರಿಗೆ ಮತಪೆಟ್ಟಿಗೆಯನ್ನು ತೆರೆದಿತ್ತು. ಆ ಮತಗಳನ್ನು ಮೇಲಿನವರು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಇನ್ನೊಂದು ತುದಿಯಲ್ಲಿ ಆಪೆನ್‌ಜೆಲ್ ಇನರ್‌ರೋಡನ್ ಕ್ಯಾಂಟನ್ನಿನ ಬಯಲುಸಭೆ 1990ರವರೆಗೂ ಸ್ತ್ರೀಯರನ್ನು ಹೊರಗಿಟ್ಟಿತು. ಒಕ್ಕೂಟದ ಸರ್ವೋಚ್ಚ ನ್ಯಾಯಾಲಯ ಆ ವರ್ಷ ಮಧ್ಯೆ ಬರಬೇಕಾಯಿತು. ಸ್ಥಳೀಯತೆ ಉದಾರತೆಗೂ ಸಂಕುಚಿತತೆಗೂ ಸಮನಾಗಿ ಒದಗಿಬರುತ್ತದೆ ಎಂಬುದಕ್ಕೆ ಈ ಎರಡು ಊರುಗಳೇ ಸಾಕ್ಷಿ.

ಇನ್ನು ಹಣಕಾಸಿನ ವಿಚಾರ. ಭಾರತದಲ್ಲಿ ಆದಾಯ ತೆರಿಗೆ ಕೇಂದ್ರದ್ದು. ಗ್ರಾಮ ಪಂಚಾಯತಿಯ ಸ್ವಂತ ಆದಾಯವೆಂದರೆ ಮನೆ ಕಂದಾಯ, ನೀರಿನ ಶುಲ್ಕದಂಥವು. ಉಳಿದದ್ದು ಮೇಲಿನಿಂದ ಬರುವ ಅನುದಾನ. ಸ್ವಿಟ್ಜರ್ಲೆಂಡಿನಲ್ಲಿ ಈ ಪಿರಮಿಡ್ಡು ಹೆಚ್ಚುಕಡಿಮೆ ತಲೆಕೆಳಗಾಗಿದೆ. ಆದಾಯ ತೆರಿಗೆ ಮೂಲತಃ ಕ್ಯಾಂಟನ್ ಮತ್ತು ಕಮ್ಯೂನ್‌ಗಳ ಸ್ವತ್ತು. ಒಕ್ಕೂಟವೂ ಒಂದು ನೇರ ತೆರಿಗೆಯನ್ನು ವಿಧಿಸುತ್ತದೆಯಾದರೂ ವ್ಯಕ್ತಿಗಳ ಆದಾಯದ ಮೇಲೆ ಅದು ಶೇ. 11.5ನ್ನು ಮೀರಬಾರದೆಂದು ಸಂವಿಧಾನವೇ ಗೆರೆ ಎಳೆದಿದೆ. ಅದನ್ನು ವಸೂಲು ಮಾಡುವವರೂ ಕ್ಯಾಂಟನ್ ಅಧಿಕಾರಿಗಳೇ. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಈ ನೇರ ತೆರಿಗೆಯನ್ನೂ ಮೌಲ್ಯವರ್ಧಿತ ತೆರಿಗೆಯನ್ನೂ ವಿಧಿಸುವ ಅಧಿಕಾರವನ್ನು ಜನರು ಒಕ್ಕೂಟಕ್ಕೆ ಶಾಶ್ವತವಾಗಿ ಕೊಟ್ಟಿಲ್ಲ. 2018ರ ಜನಮತಗಣನೆ ಅದನ್ನು 2035ರ ಕೊನೆಯವರೆಗೆ ವಿಸ್ತರಿಸಿದೆ. ಆಮೇಲೆ ಮತ್ತೆ ಕೇಳಬೇಕು.

ಕಮ್ಯೂನ್ ತನ್ನ ತೆರಿಗೆಯನ್ನು ನಿಗದಿಪಡಿಸುವ ಕ್ರಮ ಸರಳವಾದದ್ದು. ಯಾವ ಆದಾಯಕ್ಕೆ ಎಷ್ಟು ತೆರಿಗೆ ಎಂಬ ಮೂಲಪಟ್ಟಿಯನ್ನು ಕ್ಯಾಂಟನ್ ತನ್ನ ಕಾನೂನಿನಲ್ಲಿ ಕೊಡುತ್ತದೆ. ಇದರಂತೆ ಬರುವ ಮೊತ್ತಕ್ಕೆ ‘ಸರಳ ತೆರಿಗೆ’ ಎಂದು ಹೆಸರು. ಅದರ ಶೇಕಡಾ ಎಷ್ಟನ್ನು ತನ್ನ ಪಾಲಾಗಿ ವಸೂಲು ಮಾಡಬೇಕೆಂದು ಪ್ರತಿ ಕಮ್ಯೂನೂ ಆಯವ್ಯಯದೊಂದಿಗೆ ತೀರ್ಮಾನಿಸುತ್ತದೆ. ಜ್ಯೂರಿಕ್ ನಗರ ಅನೇಕ ವರ್ಷಗಳ ಕಾಲ ಇಟ್ಟುಕೊಂಡು ಬಂದ ಗುಣಕ 119. ಅದೇ ಕ್ಯಾಂಟನ್ನಿನಲ್ಲಿ ಸರೋವರದ ದಡದ ಸಿರಿವಂತ ಊರುಗಳ ಗುಣಕ 80ಕ್ಕಿಂತ ಕೆಳಗಿರುವುದುಂಟು. ಒಬ್ಬನ ಸರಳ ತೆರಿಗೆ 5,000 ಫ್ರಾಂಕ್ ಎಂದಿಟ್ಟುಕೊಳ್ಳೋಣ. 119ರ ಊರಿನಲ್ಲಿ ಅವನು ಕಮ್ಯೂನಿಗೆ 5,950 ಫ್ರಾಂಕ್ ಕಟ್ಟುತ್ತಾನೆ; 75ರ ಊರಿಗೆ ಮನೆ ಬದಲಿಸಿದರೆ 3,750. ಕ್ಯಾಂಟನ್ನಿನ ಪಾಲು, ಒಕ್ಕೂಟದ ಪಾಲು ಇದರ ಹೊರತಾಗಿ.

ಇದರ ಪರಿಣಾಮಗಳು ಎರಡು ದಿಕ್ಕಿನಲ್ಲಿ ಹರಿಯುತ್ತವೆ. ಶಾಲೆಯ ಹೊಸ ಕಟ್ಟಡಕ್ಕೆ ಕೈಯೆತ್ತುವವನು ಅದರ ಬೆಲೆ ತನ್ನ ಮುಂದಿನ ತೆರಿಗೆಚೀಟಿಯಲ್ಲಿ ಬರುವುದೆಂದು ಬಲ್ಲ. ಬೇಡಿಕೆ ಒಬ್ಬನದು, ದುಡ್ಡು ಇನ್ನೊಬ್ಬನದು ಎಂಬ ಸ್ಥಿತಿ ಅಲ್ಲಿ ವಿರಳ. ಪ್ರಾಥಮಿಕ ಶಾಲೆ, ನಿರ್ಗತಿಕರ ಸಹಾಯಧನ, ಕುಡಿಯುವ ನೀರು, ಒಳಚರಂಡಿ, ಊರಿನ ರಸ್ತೆ, ಅಗ್ನಿಶಾಮಕ ದಳ, ಕಟ್ಟಡ ಪರವಾನಗಿ, ಇವೆಲ್ಲ ಬಹುಮಟ್ಟಿಗೆ ಕಮ್ಯೂನಿನ ಹೊಣೆ. ದೇಶದ ಒಟ್ಟು ಸಾರ್ವಜನಿಕ ವೆಚ್ಚದಲ್ಲಿ ಸುಮಾರು ಐದನೆಯ ಒಂದು ಭಾಗ ಈ ಮಟ್ಟದಲ್ಲಿ ಆಗುತ್ತದೆ. ಆದರೆ ಹಣವಂತರು ಕಡಿಮೆ ಗುಣಕದ ಊರನ್ನು ಹುಡುಕಿ ಹೋಗುತ್ತಾರೆ. ಅವರು ಹೋದಷ್ಟೂ ಆ ಊರಿನ ಗುಣಕ ಇನ್ನಷ್ಟು ಇಳಿಯುತ್ತದೆ, ಮನೆಬಾಡಿಗೆ ಏರುತ್ತದೆ. ವೃದ್ಧರೂ ಬಡವರೂ ಉಳಿದ ಊರಿಗೆ ಖರ್ಚು ಹೆಚ್ಚು, ಹುಟ್ಟುವಳಿ ಕಡಿಮೆ. ಇನ್ನೊಂದು ಅನ್ಯಾಯವೂ ಇದರೊಳಗಿದೆ. ದೇಶದ ನಿವಾಸಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ವಿದೇಶೀಯರು. ಅವರೂ ಇದೇ ಗುಣಕದಂತೆ ತೆರಿಗೆ ಕಟ್ಟುತ್ತಾರೆ. ಆದರೆ ಜರ್ಮನ್ ಭಾಷಿಕ ಕ್ಯಾಂಟನ್‌ಗಳಲ್ಲಿ ಬಹುತೇಕ ಎಲ್ಲಿಯೂ ಅವರು ಕೈಯೆತ್ತುವಂತಿಲ್ಲ. ನ್ಯೂಶಾತೆಲ್ ಕ್ಯಾಂಟನ್ ಮಾತ್ರ 19ನೆಯ ಶತಮಾನದ ನಡುವಿನಲ್ಲಿಯೇ ಊರಿನ ವ್ಯವಹಾರಗಳಲ್ಲಿ ವಿದೇಶೀಯರಿಗೆ ಮತ ಕೊಟ್ಟಿತು.

ತೆರಿಗೆಯ ಜೊತೆಗೆ ಶುಲ್ಕಗಳೂ ಇವೆ. ನೀರು, ಒಳಚರಂಡಿ, ಕಸ ಇವುಗಳ ವೆಚ್ಚವನ್ನು ಬಳಸಿದವನೇ ಭರಿಸಬೇಕೆಂಬುದು ತತ್ತ್ವ. 1975ರಲ್ಲಿ ಸಾಂಕ್ಟ್ ಗಾಲೆನ್ ನಗರ ಕಸದ ಚೀಲದ ಮೇಲೆಯೇ ಶುಲ್ಕ ಹಾಕಿತು: ಕಸ ಹೆಚ್ಚಾದರೆ ಚೀಲ ಹೆಚ್ಚು, ಚೀಲ ಹೆಚ್ಚಾದರೆ ಹಣ ಹೆಚ್ಚು. ಒಂದು ಊರಿನ ಈ ಪ್ರಯೋಗ ನಿಧಾನವಾಗಿ ದೇಶದ ಬಹುಭಾಗಕ್ಕೆ ಹಬ್ಬಿತು. ಫ್ರೆಂಚ್ ಭಾಷಿಕ ವೋ ಕ್ಯಾಂಟನ್ ಅದನ್ನು ಒಪ್ಪಿದ್ದು 2013ರಲ್ಲಿ.

ಶ್ರೀಮಂತ ಊರು, ಬಡ ಊರು ಎಂಬ ಅಂತರವನ್ನು ತಗ್ಗಿಸಲು ಪ್ರತಿ ಕ್ಯಾಂಟನ್ನಿನೊಳಗೂ ಸಮೀಕರಣ ನಿಧಿಯ ಏರ್ಪಾಡಿದೆ. ತೆರಿಗೆಯ ಸಾಮರ್ಥ್ಯ ಹೆಚ್ಚಿರುವ ಕಮ್ಯೂನ್‌ಗಳಿಂದಲೂ ಕ್ಯಾಂಟನ್ ಬೊಕ್ಕಸದಿಂದಲೂ ಹಣ ದುರ್ಬಲ ಕಮ್ಯೂನ್‌ಗಳಿಗೆ ಹರಿಯುತ್ತದೆ. ಕ್ಯಾಂಟನ್‌ಗಳ ನಡುವೆಯೂ ಇಂಥದೇ ವ್ಯವಸ್ಥೆಯನ್ನು 2004ರ ಜನಮತದ ಆಧಾರದ ಮೇಲೆ ಹೊಸದಾಗಿ ರೂಪಿಸಿ 2008ರಲ್ಲಿ ಜಾರಿಗೆ ತರಲಾಯಿತು. ಪರ್ವತಪ್ರದೇಶದ ಕಷ್ಟಕ್ಕೆ ಒಂದು ಪರಿಹಾರ, ಮಹಾನಗರದ ಸಾಮಾಜಿಕ ಹೊರೆಗೆ ಮತ್ತೊಂದು ಪರಿಹಾರ ಅದರಲ್ಲಿ ಬೇರೆಬೇರೆಯಾಗಿವೆ.

ಆದರೆ ಸ್ವಾಯತ್ತತೆಯೆಂದರೆ ಮುಳುಗುವ ಸ್ವಾತಂತ್ರ್ಯವೂ ಹೌದು. ವಾಲೆ ಕ್ಯಾಂಟನ್ನಿನ ಲೋಯ್ಕರ್‌ಬಾಡ್ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು; ಜನ ಸುಮಾರು ಒಂದೂವರೆ ಸಾವಿರ. ಸ್ನಾನಗೃಹ, ಕ್ರೀಡಾಂಗಣ ಮುಂತಾದ ಪ್ರವಾಸೋದ್ಯಮದ ಕಟ್ಟಡಗಳಿಗೆಂದು ಈ ಕಮ್ಯೂನ್ ಮತ್ತು ಅದರ ಅಂಗಸಂಸ್ಥೆಗಳು ಮಾಡಿದ ಸಾಲ ಬೆಳೆದು ಮುನ್ನೂರು ದಶಲಕ್ಷ ಫ್ರಾಂಕನ್ನು ಮೀರಿತು. 1998ರಲ್ಲಿ ವ್ಯವಸ್ಥೆ ಕುಸಿದುಬಿತ್ತು. ಸಾಲ ಕೊಟ್ಟವರು ಕ್ಯಾಂಟನ್ ಸರ್ಕಾರದ ಮೇಲೆ ದಾವೆ ಹೂಡಿದರು: ಕಮ್ಯೂನಿನ ಮೇಲ್ವಿಚಾರಣೆ ನಿಮ್ಮದಾಗಿತ್ತು, ನಷ್ಟವನ್ನು ನೀವೇ ಕಟ್ಟಿಕೊಡಿ ಎಂದು. ಒಕ್ಕೂಟದ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಕ್ಯಾಂಟನ್ ಹೊಣೆಯಲ್ಲ, ಊರಿಗೆ ಸಾಲ ಕೊಡುವವನು ಊರಿನ ಲೆಕ್ಕವನ್ನು ನೋಡಿ ಕೊಡಬೇಕು. ಸ್ವಿಸ್ ಬ್ಯಾಂಕುಗಳು ಹಳ್ಳಿಗಳ ಆಯವ್ಯಯ ಪತ್ರಗಳನ್ನು ಗಮನವಿಟ್ಟು ಓದತೊಡಗಿದ್ದರಲ್ಲಿ ಈ ತೀರ್ಪಿನ ಪಾತ್ರ ದೊಡ್ಡದು.

ಚಿಕ್ಕ ಕಮ್ಯೂನ್‌ಗಳು ಇಂಥ ಹೊರೆಗಳನ್ನು ತಾಳಲಾರದೆ ಒಂದರೊಳಗೊಂದು ವಿಲೀನವಾಗುತ್ತಿವೆ. 1848ರಲ್ಲಿ 3,200ರಷ್ಟಿದ್ದ ಸಂಖ್ಯೆ 2000ದವರೆಗೆ ಹೆಚ್ಚು ಇಳಿದಿರಲಿಲ್ಲ. ಅಲ್ಲಿಂದೀಚೆಗೆ ಎಂಟುನೂರರ ಹತ್ತಿರ ಕಮ್ಯೂನ್‌ಗಳು ಕಣ್ಮರೆಯಾಗಿವೆ. ಎಲ್ಲಕ್ಕಿಂತ ನಾಟಕೀಯವಾದದ್ದು ಗ್ಲಾರುಸ್ ಕ್ಯಾಂಟನ್ನಿನ ಪ್ರಸಂಗ. ಅಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಮೇ ತಿಂಗಳಿನಲ್ಲಿ ಇಡೀ ಕ್ಯಾಂಟನ್ನಿನ ಮತದಾರರ ಬಯಲುಸಭೆ ನಡೆಯುತ್ತದೆ. 2006ರ ಸಭೆಯಲ್ಲಿ ಸರ್ಕಾರ ಇದ್ದ 25 ಕಮ್ಯೂನ್‌ಗಳನ್ನು 10ಕ್ಕೆ ಇಳಿಸುವ ಪ್ರಸ್ತಾಪವನ್ನು ಮಂಡಿಸಿತು. ಸಭಿಕರಲ್ಲೊಬ್ಬ ಎದ್ದು, ಹತ್ತೇಕೆ, ಮೂರು ಸಾಕು ಎಂದ. ಸಭೆ ಅದನ್ನೇ ಒಪ್ಪಿತು. ಸರ್ಕಾರವೇ ಬೆರಗಾಯಿತು. ಮರುಪರಿಶೀಲನೆಗೆಂದು 2007ರಲ್ಲಿ ವಿಶೇಷ ಸಭೆ ಕರೆದಾಗಲೂ ಜನ ತಮ್ಮ ಮಾತಿಗೆ ಅಂಟಿಕೊಂಡರು. 2011ರ ಜನವರಿ 1ರಿಂದ ಗ್ಲಾರುಸ್‌ನಲ್ಲಿರುವುದು ಮೂರೇ ಕಮ್ಯೂನ್.

ಕಮ್ಯೂನಿನ ಅಧಿಕಾರ ಹಣದಲ್ಲಿ ಮುಗಿಯುವುದಿಲ್ಲ. ವಿದೇಶೀಯನು ಸ್ವಿಸ್ ನಾಗರಿಕನಾಗಬೇಕಾದರೆ ಸಾಮಾನ್ಯ ಕ್ರಮದಲ್ಲಿ ಒಕ್ಕೂಟ, ಕ್ಯಾಂಟನ್, ಕಮ್ಯೂನ್ ಮೂವರ ಒಪ್ಪಿಗೆಯೂ ಬೇಕು. ಲ್ಯೂಸರ್ನ್ ಕ್ಯಾಂಟನ್ನಿನ ಎಮ್ಮೆನ್ ಎಂಬ ಊರು ಅರ್ಜಿದಾರರ ವಿವರಗಳನ್ನು ಮತದಾರರಿಗೆ ಹಂಚಿ ಗುಪ್ತಮತದಿಂದ ತೀರ್ಮಾನಿಸುವ ಪದ್ಧತಿಯನ್ನು ತಂದಿತು. 2000ದ ಮತದಾನದಲ್ಲಿ ಇಟಲಿ ಮೂಲದವರು ಮಾತ್ರ ತೇರ್ಗಡೆಯಾದರು. ಹಿಂದಿನ ಯುಗೊಸ್ಲಾವಿಯದಿಂದ ಬಂದ ಕುಟುಂಬಗಳನ್ನು ಊರು ತಿರಸ್ಕರಿಸಿತು. ತಿರಸ್ಕಾರಕ್ಕೆ ಕಾರಣ ಹೇಳುವವರಿಲ್ಲ, ಏಕೆಂದರೆ ಮತ ಗುಪ್ತವಾದದ್ದು. ಕಾರಣ ಕೊಡಲಾಗದ ನಿರಾಕರಣೆ ಸಂವಿಧಾನಕ್ಕೆ ವಿರುದ್ಧ ಎಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಈ ಪದ್ಧತಿಯನ್ನು ಅನೂರ್ಜಿತಗೊಳಿಸಿತು.

ಭಾಷೆಯ ವಿಷಯಕ್ಕೆ ಬಂದರೆ, ಸ್ವಿಸ್ ನೀತಿಯ ತಿರುಳು ಪ್ರಾದೇಶಿಕ ತತ್ತ್ವ: ಭಾಷೆಯ ಹಕ್ಕು ಮುಖ್ಯವಾಗಿ ನೆಲಕ್ಕೆ ಅಂಟಿದ್ದು. ಜಿನೀವಾಕ್ಕೆ ಹೋಗಿ ನೆಲೆಸಿದ ಜರ್ಮನ್ ಭಾಷಿಕ ತನ್ನ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಜರ್ಮನ್ ಮಾಧ್ಯಮವನ್ನು ಕೇಳುವಂತಿಲ್ಲ. ಅದು ದೇಶದ ಬಹುಸಂಖ್ಯಾತರ ಭಾಷೆಯಾದರೂ ಸರಿಯೆ. ಈ ದೃಷ್ಟಿಯಿಂದ ನೋಡಿದರೆ, ಮರಾಠಿ ನೆಲದಲ್ಲಿದ್ದೂ ಕನ್ನಡ, ತಮಿಳು, ತೆಲುಗು ಮಾಧ್ಯಮಗಳ ಶಾಲೆಗಳನ್ನು ತನ್ನ ಬೊಕ್ಕಸದಿಂದ ನಡೆಸುತ್ತ ಬಂದ ಮುಂಬಯಿ ಮಹಾನಗರಪಾಲಿಕೆ ಸ್ವಿಸ್ ನಗರಗಳಿಗಿಂತ ಉದಾರವಾದದ್ದು ಎನ್ನಲೇಬೇಕು. ಎರಡು ಭಾಷೆಗಳ ಗಡಿಯ ಮೇಲೆಯೇ ಕುಳಿತ ಬೀಲ್ ನಗರ ಮಾತ್ರ ಅಪವಾದ. ಫ್ರೆಂಚರ ಬಾಯಲ್ಲಿ ಬಿಯೆನ್ ಆಗುವ ಈ ಊರಿನಲ್ಲಿ ಕಚೇರಿಯೊಡನೆ ಯಾವ ಭಾಷೆಯಲ್ಲಿ ವ್ಯವಹರಿಸಬೇಕೆಂಬುದು ನಾಗರಿಕನ ಆಯ್ಕೆ.

ಪ್ರಾದೇಶಿಕ ತತ್ತ್ವದ ಕಠಿಣ ಪರೀಕ್ಷೆ ನಡೆಯುತ್ತಿರುವುದು ಗ್ರೌಬ್ಯುಂಡೆನ್ ಕ್ಯಾಂಟನ್ನಿನಲ್ಲಿ, ರೊಮಾಂಶ್ ಭಾಷೆಯ ಹಳ್ಳಿಗಳಲ್ಲಿ. 1938ರ ಜನಮತದಿಂದ ರಾಷ್ಟ್ರಭಾಷೆಗಳಲ್ಲಿ ಒಂದಾದ ರೊಮಾಂಶನ್ನು 2000ದ ಜನಗಣತಿಯಲ್ಲಿ ತಮ್ಮ ಮುಖ್ಯಭಾಷೆಯೆಂದು ಹೇಳಿದವರು ಸುಮಾರು 35,000 ಜನ. 2006ರ ಕ್ಯಾಂಟನ್ ಭಾಷಾಕಾಯಿದೆಯಂತೆ, ಊರಿನ ಪರಂಪರಾಗತ ಭಾಷೆಯವರು ಶೇ. 40ರಷ್ಟಾದರೂ ಇದ್ದರೆ ಆ ಕಮ್ಯೂನ್ ಏಕಭಾಷಿಕ, ಶೇ. 20ರಿಂದ 40ರವರೆಗೆ ಇದ್ದರೆ ಬಹುಭಾಷಿಕ. ಅಂದರೆ ಜರ್ಮನ್ ಮಾತನಾಡುವವರು ಶೇ. 60 ಆದರೂ ಶಾಲೆ ಮತ್ತು ಕಚೇರಿಯ ಭಾಷೆ ರೊಮಾಂಶ್. ಅಲ್ಪಸಂಖ್ಯೆಗೆ ಇಳಿದ ಮೇಲೂ ಭಾಷೆಯನ್ನು ಅದರ ಮನೆಯಲ್ಲಿ ಕಾಯುವ ಈ ನಿಯಮ ಗಮನಾರ್ಹವಾದದ್ದು. ಆದರೆ ಈ ಲೆಕ್ಕದ ಘಟಕ ಕಮ್ಯೂನ್. ಕಮ್ಯೂನ್‌ಗಳು ವಿಲೀನವಾದೊಡನೆ ಶೇಕಡಾವಾರಿನ ಛೇದವೇ ಬದಲಾಗುತ್ತದೆ. 2014ರಲ್ಲಿ ಇಲಾಂಟ್ಸ್ ಪಟ್ಟಣವೂ ಸುತ್ತಲಿನ ಊರುಗಳೂ ಸೇರಿ 13 ಕಮ್ಯೂನ್‌ಗಳು ಒಂದಾದವು. ಆ ಊರುಗಳಲ್ಲಿ ಹಲವು ರೊಮಾಂಶ್ ಭಾಷೆಯವು, ಪಟ್ಟಣದ್ದು ಜರ್ಮನ್ ಬಹುಮತ. ತೆರಿಗೆಯ ಲೆಕ್ಕಾಚಾರ ವಿಲೀನ ಬೇಕೆನ್ನುತ್ತದೆ, ಭಾಷೆಯ ಲೆಕ್ಕಾಚಾರ ಬೇಡವೆನ್ನುತ್ತದೆ.

ಇದೇ ಭಾಷೆಯ ಬರವಣಿಗೆಗೆ ಐದು ಪ್ರಾದೇಶಿಕ ರೂಪಗಳಿವೆ. ಅವನ್ನು ಬೆಸೆಯಲು 1982ರಲ್ಲಿ ಹೈನ್‌ರಿಖ್ ಶ್ಮಿಡ್ ಎಂಬ ಭಾಷಾವಿಜ್ಞಾನಿ ಒಂದು ಏಕರೂಪದ ಬರಹಭಾಷೆಯನ್ನು ಸಿದ್ಧಪಡಿಸಿದರು. ಶಾಲೆಯಲ್ಲಿ ಅದನ್ನು ಕಲಿಸುವುದೋ ಬಿಡುವುದೋ ಎಂಬುದು ಕಮ್ಯೂನ್‌ಗಳಿಗೆ ಸೇರಿದ ವಿಷಯವಾಯಿತು. 2007ರಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿಕೊಂಡ ಮ್ಯೂಸ್ಟೈರ್ ಕಣಿವೆಯೇ 2012ರಲ್ಲಿ ಮತ ಹಾಕಿ ತನ್ನ ಮನೆಮಾತಿನ ರೂಪಕ್ಕೆ ಮರಳಿತು. ಇನ್ನೂ ಹಲವು ಊರುಗಳು ಅದೇ ದಾರಿ ಹಿಡಿದವು. ಪ್ರಮಾಣಭಾಷೆಯ ಅಗತ್ಯವನ್ನು ಭಾಷಾವಿಜ್ಞಾನ ಸಾಧಿಸಿ ತೋರಿಸಬಹುದು. ಮಗುವಿನ ಪಠ್ಯಪುಸ್ತಕದಲ್ಲಿ ಅಜ್ಜಿಯ ಮಾತು ಇರಬೇಕೆಂಬ ಹಟಕ್ಕೆ ಮತದ ಹಕ್ಕಿದೆ.

ಊರು ಯಾವ ರಾಜ್ಯಕ್ಕೆ ಸೇರಬೇಕು ಎಂಬುದು ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋದದ್ದನ್ನೂ 1967ರ ಮಹಾಜನ ವರದಿಯನ್ನೂ ಬಲ್ಲ ಕನ್ನಡಿಗರಿಗೆ ಒಣ ಪ್ರಶ್ನೆಯಲ್ಲ. ನಮ್ಮ ಸಂವಿಧಾನದ 3ನೆಯ ವಿಧಿಯಂತೆ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು. ಗಡಿಯ ಊರಿನವರ ಮತಕ್ಕೆ ಅದರಲ್ಲಿ ಸ್ಥಾನವಿಲ್ಲ. ಸ್ವಿಸ್ ಸಂವಿಧಾನದ 53ನೆಯ ವಿಧಿ ಸಂಬಂಧಪಟ್ಟ ಮತದಾರರ ಮತ್ತು ಕ್ಯಾಂಟನ್‌ಗಳ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ಜರ್ಮನ್ ಬಹುಮತದ ಬರ್ನ್ ಕ್ಯಾಂಟನ್ನಿನೊಳಗಿದ್ದ ಫ್ರೆಂಚ್ ಭಾಷಿಕ ಜೂರಾ ಪ್ರದೇಶ 1974ರ ಮತ್ತು 1975ರ ಜನಮತಗಣನೆಗಳ ಮೂಲಕ ಬೇರೆಯಾಗಿ, 1979ರ ಜನವರಿ 1ರಂದು ಹೊಸ ಕ್ಯಾಂಟನ್ ಆಯಿತು. ಮೊದಲು ಪ್ರದೇಶವಾರು, ಆಮೇಲೆ ಗಡಿಯಂಚಿನಲ್ಲಿ ಕಮ್ಯೂನ್‌ವಾರು ಮತ ತೆಗೆದುಕೊಂಡದ್ದು ಈ ವಿಧಾನದ ವಿಶೇಷ. ಮೂತಿಯೆ ಎಂಬ ಪಟ್ಟಣ ಆಗ ತೀರ ಕಡಿಮೆ ಅಂತರದಿಂದ ಬರ್ನ್‌ನಲ್ಲಿ ಉಳಿಯಿತು. ಗಾಯ ಮಾಯಲಿಲ್ಲ. 2017ರ ಜೂನ್‌ನಲ್ಲಿ ಮತ್ತೆ ಮತದಾನ ನಡೆದು ಜೂರಾದ ಪಕ್ಷ 137 ಮತಗಳಿಂದ ಗೆದ್ದಿತು. ಊರಿನ ಆಡಳಿತವೇ ಪ್ರಚಾರ ಮಾಡಿತು, ಊರಿನಲ್ಲಿ ವಾಸವಿಲ್ಲದವರು ಮತ ಹಾಕಿದರು ಎಂಬ ಆರೋಪಗಳ ಮೇಲೆ ಆ ಮತದಾನ ರದ್ದಾಯಿತು. 2021ರ ಮಾರ್ಚ್ 28ರಂದು ಕಟ್ಟುನಿಟ್ಟಿನ ಕಾವಲಿನಲ್ಲಿ ಮತ್ತೊಮ್ಮೆ ಮತ ಹಾಕಿದಾಗ ಅಂತರ 374ಕ್ಕೆ ಏರಿತು. ಎರಡೂ ಕ್ಯಾಂಟನ್‌ಗಳು ಶಾಲೆ, ಆಸ್ಪತ್ರೆ, ಆಸ್ತಿ, ಸಮೀಕರಣ ನಿಧಿಯ ಪಾಲು ಎಲ್ಲವನ್ನೂ ಒಂದು ಒಪ್ಪಂದಕ್ಕೆ ಇಳಿಸಿದವು. 2024ರ ಸೆಪ್ಟೆಂಬರಿನಲ್ಲಿ ಎರಡೂ ಕಡೆಯ ಮತದಾರರು ಅದಕ್ಕೆ ಸಮ್ಮತಿ ಕೊಟ್ಟರು. 2026ರ ಜನವರಿ 1ರಂದು ಮೂತಿಯೆ ಜೂರಾಕ್ಕೆ ಸೇರಿತು. ಅದರ ಮಗ್ಗುಲಿನ ಬೆಲ್‌ಪ್ರಾಓಂ ಎಂಬ ಪುಟ್ಟ ಊರಿನಲ್ಲಿಯೂ 2017ರ ಸೆಪ್ಟೆಂಬರಿನಲ್ಲಿ ಇದೇ ಪ್ರಶ್ನೆಗೆ ಮತ ತೆಗೆದುಕೊಳ್ಳಲಾಗಿತ್ತು. ಅಲ್ಲಿ ಬೇಡವೆಂದವರು 121, ಬೇಕೆಂದವರು 114. ಆ ಊರು ಇಂದಿಗೂ ಬರ್ನ್‌ನಲ್ಲಿಯೇ ಇದೆ.